ಹುಳುಮನೆಗೆ ಹೋದ ಟ್ಯಾಬುಗಳು

ನನಗೆ ಟ್ಯಾಬಿನ ಹುಚ್ಚು ಎಂದು ಮನೆಯಲ್ಲಿ ಎಲ್ಲರೂ ನಂಬಿದ್ದಾರೆ. ಅಲ್ಲವೆಂದು ವಾದಿಸುವ ಧೈರ್ಯ ನನಗಿಲ್ಲ. ಒಂದೇ ಕಂಪನಿಯ ಒಂದೇ ಹೆಸರಿನ ಟ್ಯಾಬನ್ನು ಮೊದಲ ತಲೆಮಾರಿನಿಂದ ಬಿಡದೆ ಕೊಳ್ಳುತ್ತ ಬಂದವನು ಗೌರಿಬಿದನೂರಿನ ಕಾಲೇಜೊಂದರ ಇತಿಹಾಸದ ಮೇಷ್ಟರು ಎಂದರೆ ಯಾರಾದರೂ ನಗುವವರೇ. ರಾಜವಂಶಗಳನ್ನು ಹೇಳುವಾಗ ನಡುವೆ ಒಬ್ಬಿಬ್ಬರು ಅರಸರನ್ನು ನುಂಗಿಬಿಡುವ ನಾನು, ಟ್ಯಾಬಿನ ವಂಶಾವಳಿಯನ್ನು ಮಾತ್ರ ತಡವರಿಸದೆ ಒಪ್ಪಿಸುತ್ತೇನೆ. ಆದರೆ ಈ ಹುಚ್ಚಿನ ಬೇರು ಅಂಗಡಿಯಲ್ಲಿಲ್ಲ. ಅದು ದಿಬ್ಬೂರಹಳ್ಳಿಯ ನಮ್ಮ ಅಕ್ಕನ ಹುಳುಮನೆಯಲ್ಲಿದೆ.

ನಾವು ಚಿಕ್ಕವರಿದ್ದಾಗ ಹುಳುಮನೆ ಎಂದು ಬೇರೆ ಇರಲಿಲ್ಲ. ಮನೆಯೇ ಹುಳುಮನೆ. ರೇಷ್ಮೆಹುಳದ ತಟ್ಟೆಗಳನ್ನು ನಡುಮನೆಯಲ್ಲಿ ಸೂರಿನವರೆಗೆ ಜೋಡಿಸಿ, ಉಳಿದ ಸಂದಿಯಲ್ಲಿ ನಾವು ಮಲಗುತ್ತಿದ್ದೆವು. ಕೊನೆಯ ಪೊರೆ ಕಳಚಿದ ಮೇಲೆ ಹುಳಕ್ಕೆ ಬರುವ ಹಸಿವು ಅಂತಿಂಥದಲ್ಲ. ಹಿಪ್ಪುನೇರಳೆ ಸೊಪ್ಪು ಹಾಕಿದ್ದೇ ತಡ, ಮನೆತುಂಬ ಒಂದು ಸದ್ದು ಏಳುತ್ತಿತ್ತು. ಮಳೆಯ ಸದ್ದಿನ ಹಾಗೆ ಎನ್ನುವವರಿದ್ದಾರೆ. ಅವರು ಹುಳದ ಹತ್ತಿರ ಹೆಚ್ಚು ಹೊತ್ತು ಕೂತವರಲ್ಲ. ಮದುವೆಮನೆಯಲ್ಲಿ ಹೊಸ ಸೀರೆ ಉಟ್ಟ ಹೆಂಗಸರೆಲ್ಲ ಊಟಕ್ಕೆಂದು ಒಟ್ಟಿಗೆ ಎದ್ದರೆ ಹೇಗಿರುತ್ತದೋ ಹಾಗೆ. ನಾನೂ ಅಕ್ಕನೂ ಆ ಸದ್ದಿನೊಳಗೇ ಜಗಳವಾಡಿ, ಆ ಸದ್ದಿನೊಳಗೇ ನಿದ್ದೆಹೋದವರು.

ಆಮೇಲೆ ನನಗೆ ಉಬ್ಬಸ ಬಂತು. ಹುಳದ ಧೂಳು ಆಗುವುದಿಲ್ಲ, ಹತ್ತಿರ ಹೋಗಬೇಡಿ ಎಂದರು ಡಾಕ್ಟರು. ಹುಳದ ಅನ್ನ ತಿಂದು ಬೆಳೆದವನಿಗೆ ಹುಳವೇ ಆಗುವುದಿಲ್ಲವೆಂದರೆ ಅದಕ್ಕಿಂತ ನಾಚಿಕೆ ಬೇರೆ ಉಂಟೆ? ಅಕ್ಕ ಊರಿನಲ್ಲೇ ಉಳಿದಳು, ಭಾವ ಮನೆಅಳಿಯನಾಗಿ ಬಂದರು, ತೋಟದ ನಡುವೆ ಬೇರೆಯಾಗಿ ಹುಳುಮನೆ ಕಟ್ಟಿದರು. ಕಿಟಕಿಗೆಲ್ಲ ನೊಣದ ಪರದೆ, ಹೊಸಿಲಲ್ಲಿ ಬ್ಲೀಚಿಂಗ್ ಪೌಡರಿನ ನೀರು. ಆ ನೀರಿನ ಘಾಟಿಗೇ ನನ್ನ ಎದೆ ಕೊಳಲಾಗುತ್ತದೆ. ಊರಿಗೆ ಹೋದರೆ ನನ್ನದು ಜಗಲಿಯ ತನಕ. ಆ ಸದ್ದಿಗಾಗಿ ಎಷ್ಟು ಹಂಬಲಿಸಿದ್ದೇನೆಂದು ಯಾರಿಗೂ ಹೇಳಿರಲಿಲ್ಲ, ಹೇಳಿದರೆ ನಗುತ್ತಾರೆ.

ಮೊದಲ ತಲೆಮಾರಿನ ಟ್ಯಾಬು ಅಡಿಗೆಮನೆಯ ಮಣೆಯಷ್ಟು ದಪ್ಪವಿತ್ತು. ಕ್ಯಾಮೆರಾ ಇರಲಿಲ್ಲ. ಆದರೆ ಸದ್ದು ಹಿಡಿಯುತ್ತದಲ್ಲ ಎಂದು ಅದನ್ನು ಅಕ್ಕನ ಕೈಗೆ ಕೊಟ್ಟು, ಸೊಪ್ಪು ಹಾಕುವಾಗ ಒಳಗಿಡು ಎಂದೆ. ಹುಳುಮನೆಗೆ ಹೋಗುವ ಸೊಪ್ಪಿನ ಮಂಕರಿ, ಮಚ್ಚು, ಮನುಷ್ಯರ ಕೈಕಾಲು ಎಲ್ಲವನ್ನೂ ತೊಳೆದೇ ಒಳಬಿಡುವುದು ನಮ್ಮಲ್ಲಿ ಕಡ್ಡಾಯ. ಅಕ್ಕ ಟ್ಯಾಬನ್ನೂ ಬ್ಲೀಚಿಂಗ್ ನೀರಿನಲ್ಲಿ ಚೆನ್ನಾಗಿ ಅದ್ದಿ, ಉಜ್ಜಿ, ಬಿಸಿಲಿಗಿಟ್ಟು ಒಣಗಿಸಿ, ಆಮೇಲೆ ಒಳಗೆ ತೆಗೆದುಕೊಂಡು ಹೋದಳು.

ನಾನು ತಲೆಯ ಮೇಲೆ ಕೈಹೊತ್ತು ಕೂತಿದ್ದಾಗ ಅವಳಿಗೇ ಸಿಟ್ಟು ಬಂತು. “ಊರೆಲ್ಲಾ ಮುಟ್ಟಿರೋ ಸಾಮಾನು, ತೊಳೀದೆ ಒಳಕ್ಕೆ ಬಿಡಕ್ಕಾಗ್ತೈತೇನೋ? ನೀನು ಬಂದಿದ್ರೆ ನಿನ್ನೂ ಅದ್ದೇ ಬಿಡ್ತಿದ್ದೆ ಕಣೋ!”

ಎರಡನೆಯ ತಲೆಮಾರಿಗೆ ಕ್ಯಾಮೆರಾ ಬಂತು. ಅದನ್ನು ನಾನು ಬಳಸಿ ಬಿಟ್ಟ ಮೇಲೆ ಅಕ್ಕನಿಗೆ ಕೊಟ್ಟೆ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಚೀಲವನ್ನು ಮಾತ್ರ ತೊಳೆಯಬೇಕೆಂಬ ಕರಾರಿನ ಮೇಲೆ. ಸಂಜೆಯ ಸೊಪ್ಪಿನ ಹೊತ್ತಿಗೆ ಅವಳು ಅದನ್ನು ಗೋಡೆಗೊರಗಿಸಿ ನನಗೆ ವಿಡಿಯೋ ಕಾಲ್ ಮಾಡುತ್ತಿದ್ದಳು. ಆ ಟ್ಯಾಬಿಗೆ ವಿವೇಕವೇ ಇರಲಿಲ್ಲ. ಕೋಳಿ, ಟ್ರ್ಯಾಕ್ಟರ್, ಭಾವನ ಕೆಮ್ಮು, ಎಲ್ಲವನ್ನೂ ಒಟ್ಟಿಗೆ ಬಾಚಿ ಕಳಿಸುತ್ತಿತ್ತು. ಅಕ್ಕ ಏನು ಹೇಳುತ್ತಿದ್ದಾಳೆಂದು ಅರ್ಧ ತಿಳಿಯುತ್ತಿರಲಿಲ್ಲ. ಆದರೆ ಅವಳ ಮಾತಿನ ಹಿಂದೆ, ಹಾಸಿದ ಹಾಗೆ, ಹುಳ ಮೇಯುವ ಸದ್ದು ಬರುತ್ತಿತ್ತು. ನಾನು ಕಣ್ಣು ಮುಚ್ಚಿ ಹೂಂ ಹೂಂ ಎನ್ನುತ್ತಿದ್ದೆ. ಇದನ್ನು ಹಿಡಿದಿಟ್ಟುಕೊಳ್ಳಬಹುದಲ್ಲ ಎಂದು ನೀವು ಕೇಳಬಹುದು. ಹಿಡಿದಿಟ್ಟೂ ನೋಡಿದೆ. ಅದು ನಿನ್ನೆ ತಿಂದು ಮುಗಿಸಿದ ಸೊಪ್ಪಿನ ಸದ್ದು. ನನಗೆ ಈಗ ತಿನ್ನುತ್ತಿರುವುದು ಬೇಕಿತ್ತು.

ಮೂರನೆಯದಕ್ಕೆ ಪರದೆ ಎಷ್ಟು ನಿಚ್ಚಳವಾಯಿತೆಂದರೆ ಹುಳದ ಮೈಮೇಲಿನ ಚುಕ್ಕೆ ಕಾಣುತ್ತಿತ್ತು. ಅದರ ಮುಂದಿನದಕ್ಕೆ ಚಾರ್ಜರಿನ ತೂತು ಬದಲಾಯಿತು, ಹಳೆಯ ವೈರುಗಳೆಲ್ಲ ಅಕ್ಕನ ಮನೆಯಲ್ಲಿ ಟೊಮೆಟೊ ಗಿಡ ಕಟ್ಟಲು ಹೋದವು. ಆಮೇಲಿನವು ತೆಳ್ಳಗಾಗುತ್ತ ಬಂದವು. ಕೊನೆಗೆ ಮುಂಭಾಗದ ಗುಂಡನೆಯ ಒತ್ತುಗುಂಡಿಯೇ ಮಾಯವಾಯಿತು. ಸೊಪ್ಪಿನ ಕರೆ ಹತ್ತಿದ ಹೆಬ್ಬೆರಳನ್ನು ಆ ಗುಂಡಿಯ ಮೇಲಿಟ್ಟೇ ಅಭ್ಯಾಸವಾದ ಅಕ್ಕ, ಇಲ್ಲದ ಗುಂಡಿಯ ಜಾಗವನ್ನು ಬಹಳ ದಿನ ಒತ್ತುತ್ತಿದ್ದಳಂತೆ.

ಹುಳ ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಜ್ವರಕ್ಕೆ ಕೂತ ಹುಳ ತಿನ್ನುವುದಿಲ್ಲ, ಅಲ್ಲಾಡುವುದಿಲ್ಲ, ತಲೆ ಎತ್ತಿ ಸುಮ್ಮನೆ ಇರುತ್ತದೆ. ಅಪ್‌ಡೇಟ್ ಆಗುವಾಗ ಟ್ಯಾಬು ಕೂಡ ಥೇಟ್ ಹಾಗೆಯೇ. ಮೊದಲ ಸಲ ಅದನ್ನು ಕಂಡ ಅಕ್ಕ, “ಇದಕ್ಕೂ ಜ್ವರ ಬಂದೈತೆ, ಮುಟ್ಬೇಡ ಬಿಡು” ಎಂದಿದ್ದಳು. ಅವಳು ಹೇಳಿದ್ದು ಸರಿಯೇ. ಆದರೆ ಜ್ವರ ಬಿಟ್ಟೆದ್ದದ್ದು ಅದೇ ಹುಳ. ನಾವು ಕೊಳ್ಳುವ ಹೊಸ ಟ್ಯಾಬು ಅದೇ ಅಲ್ಲ. ಹೆಸರು ಮಾತ್ರ ಅದೇ.

ಈ ವರ್ಷ ಅಕ್ಕ ಹುಳ ಸಾಕುವುದನ್ನೇ ಬಿಡುವುದಾಗಿ ಹೇಳಿದಳು. ಸೊಪ್ಪು ಕೊಯ್ಯಲು ಕೈ ಬಗ್ಗುವುದಿಲ್ಲ, ಭಾವನಿಗೂ ಗುಲಾಬಿ ಹಾಕುವ ಆಸೆ. “ಇದೇ ಕೊನೇ ಬೆಳೆ ಕಣೋ” ಎಂದಳು, ಏನೋ ಉಪ್ಪು ಮುಗಿದಿದೆ ಎಂಬ ಹಾಗೆ. ಅದೇ ಹೊತ್ತಿಗೆ ಅವಳ ಹಳೆಯ ಟ್ಯಾಬು, ಈ ಕಾಲ್ ನನ್ನಿಂದ ಆಗದು ಎಂದು ಕೈ ಎತ್ತಿತು. ಕೊನೆಯ ಬೆಳೆ, ಒಂದು ಸದ್ದೂ ತಪ್ಪಬಾರದು ಎಂದು, ಈ ಸಲ ನಾನು ಬಳಸಿದ್ದನ್ನು ಕೊಡದೆ ಎಲ್ಲಕ್ಕಿಂತ ಹೊಸ ತಲೆಮಾರಿನದನ್ನೇ ಕೊಂಡು ಕಳಿಸಿದೆ.

ಹುಳ ಕೊನೆಯ ಜ್ವರ ಬಿಟ್ಟೆದ್ದ ಮೇಲೆ ಕಾಲ್ ಬಂತು. ಅಕ್ಕ ಪಕ್ಕದಲ್ಲೇ ಕೂತು ಮಾತಾಡಿದ ಹಾಗೆ ಸ್ಪಷ್ಟವಾಗಿ ಮಾತಾಡಿದಳು. ಅವಳ ಹಿಂದೆ ತಟ್ಟೆತುಂಬ ಹುಳ, ಹುಳದ ಮೇಲೆ ಸೊಪ್ಪು. ಸದ್ದು ಮಾತ್ರ ಇಲ್ಲ. ಕೋಳಿಯೂ ಇಲ್ಲ, ಟ್ರ್ಯಾಕ್ಟರೂ ಇಲ್ಲ.

“ಅಕ್ಕಾ, ಹುಳ ಮೇಯ್ತಿಲ್ವಲ್ಲೇ, ಕಾಯಿಲೆ ಏನಾದ್ರೂ ಬಿತ್ತಾ?”

“ಅಯ್ಯೋ ದೇವುಡಾ! ಬಾಯಿ ತೊಳ್ಕೊಂಡು ಮಾತಾಡೋ. ಸೊಪ್ಪು ಹಾಕಿದ್ದು ಹಾಕಿದಂಗೇ ಖಾಲಿ ಮಾಡ್ತಾ ಅವೆ, ನಿನ್ ದೃಷ್ಟಿ ಬಿದ್ದೀತು!” ಎಂದು ಅಕ್ಕ ಕಾಲ್ ಕತ್ತರಿಸಿದಳು.

ಮಗಳು ಚೈತ್ರ ನನ್ನ ಮುಖ ನೋಡಿ ವಿಷಯ ಕೇಳಿ, ನಿಧಾನವಾಗಿ ಬಿಡಿಸಿ ಹೇಳಿದಳು. “ಅಪ್ಪಾ, ಹೊಸದ್ರಲ್ಲಿ ಮೈಕ್ ತುಂಬಾ ಸ್ಮಾರ್ಟು. ಮಾತನ್ನ ಮಾತ್ರ ಕಳಿಸುತ್ತೆ. ಹಿಂದಿನ ಗಲಾಟೆನೆಲ್ಲಾ ಅದೇ ತೆಗೆದುಹಾಕುತ್ತೆ.” ಗಲಾಟೆ! ತಲೆಮಾರಿನಿಂದ ತಲೆಮಾರಿಗೆ ಬುದ್ಧಿ ಬೆಳೆಸಿಕೊಂಡು ಬಂದ ಟ್ಯಾಬು, ಕೊನೆಗೆ ನನ್ನ ಬಾಲ್ಯವನ್ನೇ ಕಸವೆಂದು ಗುಡಿಸಿ ಹಾಕಿತ್ತು.

ಆ ಸೋಸುವುದನ್ನು ಆಫ್ ಮಾಡಲು ಒಂದು ಸೆಟ್ಟಿಂಗ್ ಇದೆಯಂತೆ, ಆದರೆ ಅಕ್ಕನ ಟ್ಯಾಬಿನಲ್ಲೇ ಮಾಡಬೇಕಂತೆ. ಚೈತ್ರ ಪರೀಕ್ಷೆ ಮುಗಿಸಿ ಊರಿಗೆ ಹೋಗುವಷ್ಟರಲ್ಲಿ ಹುಳ ಹಣ್ಣಾಗಿ ಗೂಡು ಕಟ್ಟಿರುತ್ತದೆ. ಹಣ್ಣಾದ ಹುಳ ಮೇಯುವುದಿಲ್ಲ. ಮರುದಿನ ಸಂಜೆ ಫೋನಿನಲ್ಲೇ ಅಕ್ಕನಿಗೆ ಹೇಳಿಕೊಡಲು ಕೂತೆವು. ಅವಳು ಅಕ್ಷರಗಳನ್ನು ಬೋರ್ಡಿನಷ್ಟು ದೊಡ್ಡದು ಮಾಡಿದಳು, ಪರದೆಯನ್ನು ಕಪ್ಪುಬಿಳುಪು ಮಾಡಿದಳು, ಭಾವನ ಫೋಟೋವನ್ನು ತಲೆಕೆಳಗು ಮಾಡಿದಳು. ಆ ಒಂದು ಸೆಟ್ಟಿಂಗ್ ಮಾತ್ರ ಅವಳ ಕಣ್ಣಿಗೆ ಬೀಳಲಿಲ್ಲ. ಕೊನೆಗೆ ನಾನೇ ಸೋತು ಟ್ಯಾಬಿಗೆ ಕಾಲ್ ಮಾಡಿ, ಇಷ್ಟು ವರ್ಷ ಹೇಳದೆ ಇಟ್ಟುಕೊಂಡಿದ್ದನ್ನು ಹೇಳಿಬಿಟ್ಟೆ: “ಬಿಡಕ್ಕ. ನಂಗೆ ಆ ಸದ್ದು ಕೇಳ್ಬೇಕಿತ್ತು, ಅಷ್ಟೇ.”

ಅಕ್ಕ ನಗಲಿಲ್ಲ. ತಟ್ಟೆಯ ಕಡೆ ತಿರುಗಿ ಕಿವಿಗೊಟ್ಟಳು. ಆಮೇಲೆ ಟ್ಯಾಬನ್ನು ಬಾಯಿಯ ಹತ್ತಿರ ಹಿಡಿದು ಶುರುಮಾಡಿದಳು: “ಸರ್ರ ಸರ್ರ ಸರ್ರ ಸರ್ರ...” ಹಲ್ಲಿನ ಸಂದಿಯಿಂದ ಉಸಿರು ಬಿಡುತ್ತ, ನಡುನಡುವೆ ನಾಲಿಗೆ ತಾಗಿಸುತ್ತ. ಉಸಿರು ಸಾಲದೆ ನಿಲ್ಲಿಸಿ, “ಈಗ ಕೇಳ್ತಾ ಐತೇನೋ?” ಎಂದಳು.

“ಕೇಳ್ತಿದೆ ಅಕ್ಕ. ನಿಲ್ಲಿಸ್ಬೇಡ” ಎಂದೆ.

ಅಷ್ಟೆಲ್ಲ ಬುದ್ಧಿಯ ಟ್ಯಾಬು ಅದನ್ನು ಮನುಷ್ಯರ ಮಾತೆಂದೇ ತಿಳಿದು, ಒಂದಿಷ್ಟೂ ಸೋಸದೆ ಪೂರ್ತಿಯಾಗಿ ಕಳಿಸಿತು. ನಿಜ ಹೇಳಬೇಕೆಂದರೆ ಹುಳದ ಸದ್ದಿಗೂ ಅದಕ್ಕೂ ಏನೇನೂ ಹೋಲಿಕೆ ಇರಲಿಲ್ಲ. ಕುಕ್ಕರು ಕೂಗುವ ಮುಂಚೆ ಹೀಗೆ ಸದ್ದು ಮಾಡುತ್ತದೆ. ನಾನು ಕಣ್ಣು ಮುಚ್ಚಿ ಕೇಳಿದೆ. ಇಷ್ಟು ವರ್ಷ ನಾನು ಹಂಬಲಿಸಿದ್ದು ಹುಳದ ಸದ್ದಿಗೇ ಹೌದೋ ಅಲ್ಲವೋ ಎಂದು ಅಲ್ಲಿಂದ ನನಗೆ ಸಣ್ಣ ಅನುಮಾನ ಹತ್ತಿದೆ.

ಅಕ್ಕನ ತೋಟದಲ್ಲಿ ಈಗ ಗುಲಾಬಿ ಸಸಿ ನೆಟ್ಟಿದ್ದಾರೆ. ಟ್ಯಾಬಿನ ಮುಂದಿನ ತಲೆಮಾರು ಬರುತ್ತದೆಂಬ ಸುದ್ದಿಯೂ ಇದೆ. ಬರಲಿ, ಕೊಳ್ಳುತ್ತೇನೆ. ಗುಲಾಬಿ ಅರಳುವಾಗ ಹೇಗೆ ಸದ್ದು ಮಾಡುತ್ತದೆಂದು ಅಕ್ಕನನ್ನೇ ಕೇಳಬೇಕು.