ಭಾನುವಾರಕ್ಕೊಂದು ಗಾಡಿ

ಕಳೆದ ವಾರ ನಮ್ಮ ಬಿಲ್ಡಿಂಗಿನ ಕೆಳಗೆ ಯಾರೋ ಹಳೇ ಸ್ಕೂಟರಿನ ಸೀಟು ಎತ್ತಿದರು. ಬಿಸಿಲಿಗೆ ಒಡೆದ ರೆಕ್ಸಿನ್, ಒಳಗಿನ ಪುಡಿಪುಡಿ ಸ್ಪಂಜು, ಅದರ ಮೇಲೊಂದಿಷ್ಟು ಪೆಟ್ರೋಲು... ಎಲ್ಲ ಸೇರಿದ ವಾಸನೆ. ತರಕಾರಿ ಚೀಲ ಹಿಡಿದು ಹೋಗುತ್ತಿದ್ದವಳು ಅಲ್ಲೇ ನಿಂತುಬಿಟ್ಟೆ. ಉಲ್ಹಾಸನಗರದ ಗ್ಯಾರೇಜಿನಲ್ಲಿ ಆ ಕೆಂಪು ಗಾಡಿಯ ಬಾಗಿಲು ತೆಗೆದಾಗ ಬಂದದ್ದೂ ಇದೇ ವಾಸನೆ. ಆಗ ನನ್ನ ಪಕ್ಕದಲ್ಲಿ ಮೇಲಿನ ಮನೆಯ ಮಾವ ನಿಂತಿದ್ದರು.

ಸಂಬಂಧದಲ್ಲಿ ಅವರು ನನಗೆ ಏನೂ ಆಗಬೇಕಿರಲಿಲ್ಲ. ಡೊಂಬಿವಲಿಯಲ್ಲಿ ನಮ್ಮ ಮನೆಯ ಮೇಲಿನ ಮನೆ ಅವರದು. ಅವರೂ ಉಡುಪಿ ಕಡೆಯವರು, ನಾವೂ. ಹಾಗಾಗಿ ಮಾವ, ಅತ್ತೆ. ಅವರ ಮಗಳು ಮದುವೆಯಾಗಿ ಠಾಣೆಯಲ್ಲಿದ್ದಳು. ಕಲ್ಯಾಣ ಸ್ಟೇಷನ್ನಿನ ಹತ್ತಿರ ಮಾವನ ಹೋಟೆಲಿತ್ತು. ನಾವೆಲ್ಲ ಏಳುವ ಮೊದಲೇ ಲೋಕಲ್ ಹಿಡಿದು ಹೋಗುತ್ತಿದ್ದರು, ನಾವೆಲ್ಲ ಮಲಗಿದ ಮೇಲೆ ಬರುತ್ತಿದ್ದರು. ಭಾನುವಾರವಂತೂ ಅವರನ್ನು ಬಿಲ್ಡಿಂಗಿನಲ್ಲಿ ಕಂಡವರೇ ಇಲ್ಲ. ಊರಿಗೆಲ್ಲ ರಜೆ ಅಂದರೆ ಹೋಟೆಲಿಗೆ ರಶ್ಶು.

ಹೋಟೆಲನ್ನು ತಮ್ಮನ ಮಗನಿಗೆ ವಹಿಸಿಕೊಟ್ಟ ವರ್ಷ, ಒಂದು ದಿನ ಮೆಟ್ಟಿಲಲ್ಲಿ ನನ್ನನ್ನು ನಿಲ್ಲಿಸಿದರು.

"ನೀನು ಗಾಡಿ ವಿಷಯ ತುಂಬ ಓದ್ತಿ ಅಂತೆ. ನಂಗೊಂದು ಗಾಡಿ ಬೇಕು. ಸೆಕೆಂಡ್ ಹ್ಯಾಂಡ್ ಸಾಕು. ಸಂಡೇ ಓಡಿಸ್ಲಿಕ್ಕೆ."

"ಎಂಥ ಗಾಡಿ ಮಾವ?"

ಮೇಲೆ ಕೆಳಗೆ ನೋಡಿ, ದನಿ ತಗ್ಗಿಸಿ, "ಸ್ಪೋರ್ಟ್ಸ್ ಕಾರು," ಅಂದರು. "ನಗ್ಬೇಡ ಮಾರಾಯ್ತಿ."

ನಾನು ನಗಲಿಲ್ಲ. ನನಗೆ ಗಾಡಿಯ ವಿಷಯ ಯಾರೂ ಕಲಿಸಿದ್ದಲ್ಲ. ವಿಡಿಯೋ ನೋಡಿ, ಸಿಕ್ಕಿದ್ದೆಲ್ಲ ಓದಿ, ಅಪ್ಪನ ಸ್ಕೂಟರ್ ಬಿಚ್ಚಿ, ಬೈಸಿಕೊಂಡು ಕಲಿತದ್ದು. ಅಲ್ಲಿಯವರೆಗೆ ಒಬ್ಬರೂ ನನ್ನನ್ನು ಏನೂ ಕೇಳಿರಲಿಲ್ಲ. ಆ ರಾತ್ರಿ ನನಗೆ ನಿದ್ದೆಯೇ ಬರಲಿಲ್ಲ.

ಹುಡುಕಿ ಹುಡುಕಿ ಕೊನೆಗೆ ಎರಡು ಗಾಡಿ ಉಳಿದವು. ಒಂದು ಉಲ್ಹಾಸನಗರದ್ದು. ನನ್ನ ಅಪ್ಪನಿಗಿಂತ ಹಳೆಯ ವಿಲಾಯತಿ ಗಾಡಿ, ಕೆಂಪು, ಮೇಲೆ ಮಡಚುವ ಬಟ್ಟೆಯ ಟಾಪು, ಎರಡೇ ಸೀಟು. ಇನ್ನೊಂದು ಕಾಮೋಠೆಯದು. ಮಹಾಪೆಯಲ್ಲಿ ಕೆಲಸ ಮಾಡುವ ಒಬ್ಬ ಹುಡುಗ ಮಾರಲಿಕ್ಕಿಟ್ಟಿದ್ದ. ಹೊಸ ಕಾಲದ್ದು, ಆಟೋಮ್ಯಾಟಿಕ್, ಏರ್‌ಬ್ಯಾಗು, ಏಸಿ, ಹಿಂದೆ ಸಣ್ಣದೊಂದು ಸೀಟು.

ಉಲ್ಹಾಸನಗರದಲ್ಲಿ ಮೆಕ್ಯಾನಿಕ್ ನನ್ನನ್ನು ನೋಡಿ, "ಬೇಟಿ ಕೋ ದಿಲಾ ರಹೇ ಹೋ ಕ್ಯಾ, ಅಣ್ಣಾ?" ಅಂದ, ಮಗಳಿಗೆ ಕೊಡಿಸ್ತಿದ್ದೀರಾ ಅಂತ.

"ನಹೀ ರೇ. ಯೇ ಗಾಡಿ ಕಾ ಡಾಕ್ಟರ್ ಹೈ," ಅಂದರು ಮಾವ.

ಗಾಡಿ ಎಷ್ಟು ತಗ್ಗೆಂದರೆ, ಕೂತ ಮಾವನಿಗೆ ಏಳಲಾಗಲಿಲ್ಲ. ನಾನು ಒಂದು ಕೈ, ಮೆಕ್ಯಾನಿಕ್ ಒಂದು ಕೈ ಹಿಡಿದು ಎಳೆದೆವು. "ಇಡ್ಲಿ ತಟ್ಟೆಗೆ ಅಂಟಿದ ಹಾಗಾಯ್ತು," ಎಂದು ಅವರೇ ನಕ್ಕರು. ಕಾಮೋಠೆಯ ಗಾಡಿಯನ್ನು ಮಹಾಪೆಯ ಖಾಲಿ ರಸ್ತೆಯಲ್ಲಿ ಓಡಿಸಿ ನೋಡಿದರು. ಇಳಿದ ಮೇಲೆ, "ಚೆಂದ ಉಂಟು. ಆದ್ರೆ ಇದ್ರಲ್ಲಿ ನಂಗೆ ಎಂಥ ಕೆಲಸವೂ ಇಲ್ಲ," ಅಂದರು.

ನಾನು ಆಟೋಮ್ಯಾಟಿಕ್ಕೇ ಸರಿ ಅಂತ ವಾದಕ್ಕಿಳಿದೆ. ಮಳೆಗಾಲದಲ್ಲಿ ಬಟ್ಟೆಯ ಟಾಪು ಸೋರುತ್ತದೆ, ಬಿಡಿಭಾಗ ಸಿಗುವುದಿಲ್ಲ, ಬ್ರೇಕು ದೇವರೇ ಗತಿ. ಕೊನೆಗೆ, "ಇದ್ರಲ್ಲಿ ಹಿಂದೆಯೂ ಯಾರಾದ್ರೂ ಕೂರ್ಬೋದಲ್ಲ ಮಾವ," ಅಂದೆ.

"ಅದೇ ಬೇಡ ನಂಗೆ."

ಮನೆಗೆ ಮರಳುವ ರೈಲಿನಲ್ಲಿ ಹೇಳಿದರು. ಮದುವೆಯಾದಂದಿನಿಂದ ಅವರ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ ಇದ್ದ ದಿನವಿಲ್ಲ. ಊರಿಂದ ಕೆಲಸಕ್ಕೆ ಬಂದವರು, ಅಣ್ಣನ ಮಕ್ಕಳು, ಅಕ್ಕನ ಮಕ್ಕಳು... ಎಲ್ಲ ಅಲ್ಲೇ ಉಂಡು ಅಲ್ಲೇ ಮಲಗಿದವರು. "ಒಂದು ಸಂಡೇ ಅವಳನ್ನು ಎಲ್ಲಿಗೂ ಕರ್ಕೊಂಡು ಹೋಗ್ಲಿಲ್ಲ ನಾನು. ಮದುವೆ ಮುಂಜಿಗೆ ಹೋದಾಗ್ಲೂ ಒಟ್ಟಿಗೆ ಆರು ಜನ. ಎರಡೇ ಸೀಟು ಇದ್ರೆ ನಾನೂ ಬರ್ತೇನೆ ಅಂತ ಯಾರು ಹೇಳ್ತಾರೆ? ಅತ್ತೆ ಹತ್ರ ಇದನ್ನು ಹೇಳ್ಬೇಡ ಈಗ. ಬೇಡ ಅಂತಾಳೆ."

"ಹಾಗಾದ್ರೆ ಕೆಂಪು ಗಾಡಿಯೇ ತಗೊಳ್ಳಿ ಮಾವ."

ಅವರು ತಮ್ಮ ಎಡಗಾಲು ನೋಡಿಕೊಂಡರು. "ಕ್ಲಚ್ಚು ಒತ್ತಿದ್ದೇನಾ ಬಿಟ್ಟಿದ್ದೇನಾ ಅಂತ ಈ ಪಾದಕ್ಕೆ ಗೊತ್ತಾಗುದಿಲ್ಲ. ಶುಗರ್ ಅಲ್ವ... ಬಗ್ಗಿ ನೋಡ್ಬೇಕು."

ಅಲ್ಲಿಗೆ ಆಯ್ಕೆ ಕಷ್ಟವಾಯಿತು. ಮನಸ್ಸು ಉಲ್ಹಾಸನಗರದಲ್ಲಿ, ಕಾಲು ಕಾಮೋಠೆಯಲ್ಲಿ. ಅಷ್ಟರಲ್ಲಿ ಆಟಿ ಬಂತು, ನಮ್ಮೂರಿನ ಆಷಾಢ. ನಮ್ಮ ಕಡೆಯವರು ಆಟಿ ತಿಂಗಳಲ್ಲಿ ಹೊಸ ವಸ್ತು ಮನೆಗೆ ತರುವುದಿಲ್ಲ. ಎಷ್ಟು ವರ್ಷ ಮುಂಬಯಿಯಲ್ಲಿದ್ದರೂ ಅದನ್ನು ಮೀರುವವರಿಲ್ಲ. ಗಾಡಿಯ ಸುದ್ದಿ ಹೇಗೋ ಅತ್ತೆಯ ಕಿವಿಗೆ ಬಿದ್ದಿತ್ತು, ಅದು ಯಾತಕ್ಕೆ ಎಂಬುದು ಮಾತ್ರ ಗೊತ್ತಿರಲಿಲ್ಲ.

"ಅದು ಹೊಸತಲ್ಲವಲ್ಲ ಅತ್ತೆ, ಸೆಕೆಂಡ್ ಹ್ಯಾಂಡು," ಅಂದೆ ನಾನು.

"ಸೊಸೆ ಮೂವತ್ತು ವರ್ಷದವಳು ಬಂದ್ರೂ ಹೊಸ ಸೊಸೆಯೇ ಅಲ್ವ? ನಮ್ಮ ಮನೆಗೆ ಅದು ಹೊಸತೇ," ಅಂದರು ಅತ್ತೆ. ಆಮೇಲೆ ಮಾವನ ಕಡೆ ತಿರುಗಿ, "ಈ ಪ್ರಾಯದಲ್ಲಿ ನಿಮ್ಗೆ ಗಾಡಿಯ ಮರ್ಲು. ಈ ಹುಡುಗಿ ಒಟ್ಟಿಗೆ ನೀವೂ ಹುಡುಗ ಆಗಿದ್ದೀರಿ," ಎಂದು ಬೈದರು.

ಮಾವ ನನಗೆ ಕಣ್ಣು ಹೊಡೆದರು. "ಆಟಿ ಮುಗೀಲಿ. ಅಷ್ಟರಲ್ಲಿ ಯಾವುದು ಅಂತ ಯೋಚನೆ ಮಾಡುವ."

ಯೋಚನೆ ಮಾಡಲು ಅವರಿಗೆ ಪುರುಸೊತ್ತೇ ಸಿಗಲಿಲ್ಲ. ಹೋಟೆಲಿನ ಅಡಿಗೆಯವರು ಜಗಳ ಮಾಡಿಕೊಂಡು ಊರಿಗೆ ಹೋದರು. "ದೊಡ್ಡಪ್ಪ, ಹೇಗೂ ಖಾಲಿ ಇದ್ದೀರಲ್ಲ, ಆಟಿ ಮುಗಿಯುವ ತನಕ ಬನ್ನಿ," ಅಂತ ತಮ್ಮನ ಮಗ ಫೋನು ಮಾಡಿದ. ಮಾವ ಮತ್ತೆ ಮುಂಜಾನೆಯ ಲೋಕಲ್ ಹತ್ತಿದರು. ಒಂದು ಭಾನುವಾರದ ರಶ್ಶಿನಲ್ಲಿ ಕುದಿಯುವ ಸಾಂಬಾರು ಎಡಗಾಲಿನ ಮೇಲೆ ಚೆಲ್ಲಿತು. ಅವರಿಗೆ ಗೊತ್ತೇ ಆಗಲಿಲ್ಲ. ಹಾಗೆಯೇ ಚಪ್ಪಲಿಯಲ್ಲಿ ನಿಂತು ಬೊಬ್ಬೆ ಒಡೆದ ಕಾಲಲ್ಲೇ ಕೆಲಸ ಮಾಡಿದರು. ಮನೆಗೆ ಬಂದು ಕಾಲು ತೊಳೆಯುವಾಗ ಚರ್ಮ ಕೈಗೆ ಬಂತಂತೆ.

ಗಾಯ ವಾಸಿಯಾಗಲಿಲ್ಲ. ಆಟಿ ಮುಗಿದು ಚೌತಿಯ ಗದ್ದಲ ಶುರುವಾಗುವ ಹೊತ್ತಿಗೆ ಎಡಗಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿ ತೆಗೆದರು.

ಆಸ್ಪತ್ರೆಗೆ ಹೋದಾಗ ಮಂಚದ ಹತ್ತಿರ ಸ್ಟೂಲು ಎಳೆದು ಕೂತೆ. ಮಾವನೇ ಮಾತು ತೆಗೆದರು. "ನೀನು ಹೇಳಿದ್ದೇ ಸರಿ ಮಾರಾಯ್ತಿ. ಆಟೋಮ್ಯಾಟಿಕ್ಕೇ ತೆಗೊಳ್ಳುವ. ಅದಕ್ಕೆ ಎಡಗಾಲು ಬೇಡ ಅಲ್ವ?"

"ಬೇಡ ಮಾವ."

"ಹಿಂದಿನ ಸೀಟಿನ ಮೇಲೆ ಏನಾದ್ರೂ ಸಾಮಾನು ತುಂಬಿಸಿಡುವ. ಆಗ ಯಾರೂ ಕೂರುದಿಲ್ಲ."

ಕಾಮೋಠೆಯ ಗಾಡಿ ಅಷ್ಟರಲ್ಲಿ ಮಾರಾಟವಾಗಿತ್ತು. ಇನ್ನೊಂದು ಹುಡುಕಬಹುದಲ್ಲ ಅಂತ ಅದನ್ನು ನಾನು ಹೇಳಲಿಲ್ಲ... ಹುಡುಕುತ್ತಲೂ ಇದ್ದೆ. ಠಾಣೆಯಲ್ಲಿ ಒಂದು ಸಿಕ್ಕಿತು, ಫೋಟೋ ತರಿಸಿಕೊಂಡೆ. ತೋರಿಸುವ ಮೊದಲೇ ಸೋಂಕು ರಕ್ತಕ್ಕೆ ಏರಿತು. ಮಾವ ಮನೆಗೆ ಬರಲಿಲ್ಲ.

ಉತ್ತರಕ್ರಿಯೆಗೆ ಬಂದವರೆಲ್ಲ ಹೋದ ಮೇಲೆ ಅತ್ತೆ ಒಂದು ದಿನ ಕೆಳಗೆ ಬಂದರು. "ಆ ಗಾಡಿ ಇನ್ನೂ ಉಂಟಾ? ಅವರು ಹೇಳ್ತಿದ್ದದ್ದು, ಕೆಂಪು. ನಂಗೊಮ್ಮೆ ತೋರಿಸ್ತಿಯಾ?"

ಉಲ್ಹಾಸನಗರದಲ್ಲಿ ಅದು ಇದ್ದಲ್ಲೇ ಇತ್ತು. ಮೆಕ್ಯಾನಿಕ್ ಹೊದಿಕೆ ಎಳೆದು, ಬಾಗಿಲು ತೆಗೆದುಕೊಟ್ಟು, ಆಚೆ ಹೋದ. ಅತ್ತೆ ಬಗ್ಗಿ ಒಳಗೆ ನೋಡಿದರು.

"ಹಿಂದೆ ಸೀಟಿಲ್ವ?"

"ಇಲ್ಲ ಅತ್ತೆ. ಅದಕ್ಕೇ ಅವರಿಗೆ ಇದು ಮನಸ್ಸಿಗೆ ಬಂದದ್ದು. ನೀವಿಬ್ಬರೇ ಹೋಗ್ಲಿಕ್ಕೆ. ನಿಮ್ಗೆ ಈಗ ಹೇಳ್ಬೇಡ ಅಂದಿದ್ರು, ನೀವು ಬೇಡ ಅಂತೀರಿ ಅಂತ."

ಅತ್ತೆ ಬಾಗಿಲಿನ ಅಂಚು ಹಿಡಿದು ನಿಂತೇ ಇದ್ದರು. ಒಳಗೆ ಕೂರಿ ಅಂದೆ. ಕೂರಲಿಲ್ಲ.

"ಬೇಡ ಅಂತಿದ್ದೆ. ಅದು ಹೌದು," ಅಂದರು. ಬಗ್ಗಿ ಪಕ್ಕದ ಸೀಟಿನ ಧೂಳು ಒರೆಸಿ, "ಬೇಡ ಅಂತ ಹೇಳಿ ಮತ್ತೆ ಹೋಗಿಯೇ ಹೋಗ್ತಿದ್ದೆ."

ಅತ್ತೆ ಈಗ ಠಾಣೆಯಲ್ಲಿ ಮಗಳ ಮನೆಯಲ್ಲಿದ್ದಾರೆ. ಮೇಲಿನ ಮನೆಗೆ ಬಾಡಿಗೆಯವರು ಬಂದಿದ್ದಾರೆ, ಹೊಸದಾಗಿ ಮದುವೆಯಾದವರು. ಭಾನುವಾರ ಬೆಳಿಗ್ಗೆ ಇಬ್ಬರೂ ಬೈಕಿನಲ್ಲಿ ಎಲ್ಲಿಗೋ ಹೊರಡುತ್ತಾರೆ. ಗಾಡಿಯ ಸದ್ದು ಕೇಳಿದರೆ ಓಡಿಹೋಗಿ ನೋಡುವುದು ನನ್ನ ಚಾಳಿ. ಆ ಸದ್ದಿಗೆ ಮಾತ್ರ ನಾನು ಕಿಟಕಿಯ ಹತ್ತಿರ ಹೋಗುವುದಿಲ್ಲ...