ಪೇಪರಿನಲ್ಲಿ ಇಲ್ಲದ ರೈಲು

ಪೇಪರಿನಲ್ಲಿ ಇಲ್ಲದ ಸುದ್ದಿಯನ್ನು ಇದೆ ಎಂದು ಓದಿ ಹೇಳಿ, ಕನ್ನಡ ಓದಲು ಬಾರದ ಒಬ್ಬರಿಗೆ ನಾನು ಮೋಸ ಮಾಡಿದ್ದೇನೆ. ಒಂದು ಸಲವಲ್ಲ, ಆರೇಳು ವರ್ಷ. ಅದರಲ್ಲಿ ಒಂದು ಮಧ್ಯಾಹ್ನದ ಓದಿನಿಂದ ಅವರ ಮಗಳ ಓದೇ ನಿಂತುಹೋಯಿತು. ಇದು ತಮಾಷೆಗೆ ಶುರುವಾದದ್ದು ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ತಮಾಷೆ ಯಾರಿಗೆ? ನನಗೆ.

ಯಲ್ಲಾಪುರದ ಒಂದು ಸಣ್ಣ ವಾಚನಾಲಯದಲ್ಲಿ ನಾನು ಗುಮಾಸ್ತನಾಗಿದ್ದೆ. ಹುಟ್ಟೂರು ಹೆಗ್ಗರಣೆ ಹತ್ತಿರ. ಹೆಸರು ಹಿಡಿದು ಕರೆಯುವವರು ಅಲ್ಲೇ ಉಳಿದರು, ಯಲ್ಲಾಪುರದಲ್ಲಿ ಎಲ್ಲರಿಗೂ ಬರೇ ಭಟ್ರು. ಬೆಳಿಗ್ಗೆ ಪೇಪರುಗಳನ್ನು ಮೇಜಿನ ಮೇಲೆ ಹರಡುವುದು, ಸಂಜೆ ಮಡಚಿ ತಾರೀಕಿನ ಪ್ರಕಾರ ಕಟ್ಟಿಡುವುದು — ಇದೇ ಕೆಲಸ. ಬಂದವರು ಕ್ರಿಕೆಟ್ ಪುಟ ನೋಡಿ ಎದ್ದುಹೋಗುತ್ತಿದ್ದರು. ನಾನಾದರೋ ಮೊದಲ ಪುಟದ ಮೊದಲ ಸಾಲಿನಿಂದ ಕೊನೆಯ ಪುಟದ ಟೆಂಡರ್ ನೋಟೀಸಿನವರೆಗೆ ಓದುವವನು. ಓದಿದ್ದನ್ನು ಹೇಳಬೇಕೆಂದರೆ ಕೇಳುವವರಿಲ್ಲ. ಗೋಡೆಯ ಮೇಲೆ ‘ಮಾತನಾಡಬಾರದು’ ಎಂಬ ಬೋರ್ಡು ಬೇರೆ — ಅದನ್ನು ಬರೆದು ತೂಗುಹಾಕಿದವನೂ ನಾನೇ.

ಹೀಗಿರುವಾಗ ದಾವಲ್‌ಸಾಬರು ಬಂದರು. ತೊಂಬತ್ತರ ದಶಕ ಮುಗಿಯುತ್ತಿದ್ದ ಹೊತ್ತು. ಅವರದು ಕಿರವತ್ತಿಯಲ್ಲಿ ಹೆದ್ದಾರಿಯ ಪಕ್ಕ ಪಾಟಾ ಕಟ್ಟುವ ಅಂಗಡಿ. ಲಾರಿಯ ಅಡಿಗೆ, ಗಾಲಿಯ ಮೇಲೆ, ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳಿರುತ್ತವಲ್ಲ — ಅದೇ ಪಾಟಾ. ಘಟ್ಟ ಹತ್ತಿಳಿಯುವ ಲಾರಿಗಳದ್ದು ಅದು ಮುರಿಯುತ್ತಲೇ ಇರುತ್ತದೆ. ಸಂತೆಗೆ ಬಂದವರು ನೆರಳಿಗೆಂದು ಒಳಗೆ ಹೊಕ್ಕು, ಮೇಜಿನ ಮೇಲಿದ್ದ ಒಂದು ಚಿತ್ರಕ್ಕೆ ಎಣ್ಣೆ ಹತ್ತಿದ ಬೆರಳಿಟ್ಟರು. ಮೂತಿ ಚೂಪಾದ ಬಿಳಿ ರೈಲು.

“ಇದೇನ್ ರೈಲೋ ವಿಮಾನೋ? ಸ್ವಲ್ಪ ಓದಿ ಹೇಳ್ರಿ ಭಟ್ರ. ನನಗ ಉರ್ದು ಅಷ್ಟ ಬರತೈತಿ.”

ಬೋರ್ಡು ನಾನೇ ಬರೆದದ್ದರಿಂದ ಅವರನ್ನು ಹಿಂದಿನ ಕಟ್ಟೆಗೆ ಕರೆದುಕೊಂಡು ಹೋಗಿ ಓದಿದೆ. ಅದು ಜಪಾನಿನದು. ಆಮೇಲಾಮೇಲೆ ಚೀನಾದ್ದೇ ಹೆಚ್ಚು ಬರತೊಡಗಿತು — ಅಲ್ಲಿ ಹೊಸ ಹಳಿ ಹಾಕಿದರು, ಇಲ್ಲಿ ವೇಗ ಹೆಚ್ಚಿಸಿದರು, ಶಾಂಘೈಯಲ್ಲಿ ಹಳಿಯನ್ನೇ ಮುಟ್ಟದೆ ಓಡುವ ರೈಲು ಬಂತು. ಅದನ್ನು ಕೇಳಿದ ದಿನ ಸಾಬರು ತಲೆಯ ಮೇಲೆ ಕೈಹೊತ್ತು ಕುಳಿತರು.

“ಗಾಲೀನ ಇಲ್ಲಂದ್ರ ಪಾಟಾ ಎಲ್ಲಿ ಕಟ್ಟೂದ್ರಿ? ನಮ್ಮಂಥೋರ ಹೊಟ್ಟಿ ಮ್ಯಾಲೆ ಹೊಡದ್ರಲ್ರಿ ಚೀನಾದವ್ರು!”

ಸಂತೆ ಸಂತೆಗೆ ಬರುವುದು ರೂಢಿಯಾಯಿತು. ಅವರು ಬರುವ ದಿನ ನಾನು ಶರ್ಟು ಬದಲಾಯಿಸಿ ಹೋಗುತ್ತಿದ್ದೆ ಎಂದರೆ ನೀವು ನಗಬಹುದು, ನಗಿ. ಆದರೆ ರೈಲಿನ ಸುದ್ದಿ ವಾರ ವಾರವೂ ಎಲ್ಲಿರುತ್ತದೆ? ಇದ್ದರೂ ಮೂಲೆಯಲ್ಲಿ ಎರಡು ಸಾಲು. ಒಮ್ಮೆ ಹಾಗೆ ಎರಡು ಸಾಲು ಓದಿ ನಿಲ್ಲಿಸಿದೆ.

“ಇಷ್ಟ ಏನ್ರಿ? ಅಷ್ಟ ದೊಡ್ಡ ದೇಶದಾಗ ಎರಡ ಸಾಲಿನಷ್ಟ ಓಡ್ತೇನ್ರಿ ರೈಲು?”

ಅವರ ಮುಖ ಸಣ್ಣದಾಗಿತ್ತು. ನಾನು ಪುಟದ ಮೇಲೆ ಬೆರಳು ಮುಂದಕ್ಕೆ ಸರಿಸಿದೆ — ಬೆರಳ ಕೆಳಗಿದ್ದದ್ದು ಅಡಿಕೆ ಧಾರಣೆ. ಅದರ ಮೇಲೆ ಕಣ್ಣಿಟ್ಟು ಚೀನಾದ ರೈಲನ್ನು ಇನ್ನೂ ಅರ್ಧ ಗಂಟೆ ಓಡಿಸಿದೆ. ಗುಡ್ಡ ಕೊರೆಸಿದೆ, ಸೇತುವೆ ಕಟ್ಟಿಸಿದೆ, ಬೋಗಿಯಲ್ಲಿ ಕುಳಿತವರ ಲೋಟದ ಚಹಾ ತುಳುಕದ ಹಾಗೆ ಮಾಡಿದೆ. ಒಂದು ವರ್ಷದೊಳಗೆ ಒಂದು ಪೂರಾ ಮಾರ್ಗ ಮುಗಿಸಿಬಿಡುತ್ತಾರೆ ಎಂದೂ ಸೇರಿಸಿದೆ. ಉಪ್ಪು ಖಾರ ಹಚ್ಚುವುದು ಇಷ್ಟು ಸುಲಭ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅಂದಿನಿಂದ ಪೇಪರಿನಲ್ಲಿ ಸುದ್ದಿ ಇರಲಿ ಬಿಡಲಿ, ನನ್ನ ಬಾಯಲ್ಲಿ ಇರುತ್ತಿತ್ತು.

ನಮ್ಮ ಕಡೆಯೂ ಆಗ ಒಂದು ರೈಲಿನ ಮಾತಿತ್ತು. ಹುಬ್ಬಳ್ಳಿಯಿಂದ ಕಿರವತ್ತಿ, ಯಲ್ಲಾಪುರದ ಮೇಲೆ ಕರಾವಳಿಗೆ ಇಳಿಯುವ ಮಾರ್ಗ. ಈ ವರ್ಷ, ಬರುವ ವರ್ಷ ಎನ್ನುತ್ತಾ ಜನರಿಗೆ ಬೇಸರವೇ ಬಂದಿತ್ತು. ಸಾಬರಿಗೆ ಮಾತ್ರ ಬೇಸರವಿಲ್ಲ. ಚೀನಾದಲ್ಲಿ ಒಂದು ವರ್ಷಕ್ಕೆ ಮುಗಿಯುವುದು ಇಲ್ಲಿ ಎರಡು ವರ್ಷಕ್ಕಾದರೂ ಮುಗಿಯಬೇಡವೇ — ಇದು ಅವರ ಲೆಕ್ಕ. ಆ ಒಂದು ವರ್ಷ ನನ್ನ ಬಾಯಿಂದ ಬಂದದ್ದು.

ಎರಡು ಸಾವಿರದ ಐದೋ ಆರೋ ಇರಬೇಕು, ಮಳೆಗಾಲದ ಮೊದಲು. ಸಂತೆಯ ದಿನವಲ್ಲದ ದಿನ ಅವರು ಬಂದರು. ಕೈ ಕೂಡ ತೊಳೆದಿರಲಿಲ್ಲ.

“ಇವತ್ತ ಚೀನಾದ್ದ ಬ್ಯಾಡ ಭಟ್ರ, ನಮ್ಮ ರೈಲಿಂದ ಓದ್ರಿ. ನಮ್ಮ ರೇಶ್ಮಾಗ ಹುಬ್ಬಳ್ಳ್ಯಾಗ ಡಿಪ್ಲೊಮಾ ಸೀಟ್ ಸಿಕ್ಕೈತಿ. ಹಾಸ್ಟೆಲಿಗೆ ಬಿಡಾಕ ಅಕಿ ತಾಯಿ ಒಪ್ಪವಲ್ಲಳು. ಬಸ್ಸಿಗೆ ಕಳಸೋಣಂದ್ರ ಅದಿರಿನ ಲಾರಿ ಸಾಲಿನ್ಯಾಗ ಸಿಕ್ಕು ಯಾವಾಗ ಮನಿ ಮುಟ್ಟತೈತೋ. ನನ್ನ ಹೆಂಡತಿ ತಮ್ಮ ಅಲ್ಲೆ ಗ್ಯಾರೇಜ್ ಇಟ್ಟಾನ, ‘ಮನಿಮಂದಿ ಸಮೇತ ಬಂದಬಿಡು ಭಾಯಿ, ಜೋಡಿ ಮಾಡೋಣು’ ಅಂತಾನ. ನಾಳೆ ಹೇಳಬೇಕು. ರೈಲ ಬರೂದಿಲ್ಲಂದ್ರ ಗಂಟು ಕಟ್ಟತೇನಿ. ಬರತೈತಿ ಅಂದ್ರ ಯಾಕ ಹೋಗ್ಲಿ? ಒಂದ ವರ್ಷ ತಡದ್ರ ಹುಡುಗಿ ಇಲ್ಲಿಂದನ ಓಡಾಡ್ತಾಳ.”

ಅಂದಿನ ಪೇಪರಿನಲ್ಲಿ ಸುದ್ದಿ ಇತ್ತು. ಬೆಳಿಗ್ಗೆಯೇ ಓದಿದ್ದೆ. ಒಳಪುಟದಲ್ಲಿ, ಎಡಗಡೆ, ನಾಲ್ಕು ಸಾಲು — ಅರಣ್ಯ ಭೂಮಿಗೆ ಒಪ್ಪಿಗೆ ಸಿಗದ ಕಾರಣ ಕೆಲಸ ನಿಂತಿದೆ, ಮತ್ತೆ ಯಾವಾಗ ಶುರುವಾಗುತ್ತದೆಂದು ಹೇಳಲಾಗದು. ಪುಟ ಬಿಡಿಸಿದೆ. ಬೆರಳು ಸರಿಯಾಗಿ ಅಲ್ಲೇ ಇಟ್ಟೆ. ಗಂಟು ಕಟ್ಟುತ್ತೇನೆ ಎಂಬ ಅವರ ಮಾತು ಕಿವಿಯಲ್ಲಿತ್ತು. ಕಟ್ಟಿದರೆ ಮುಂದಿನ ಸಂತೆಗೆ ಕಟ್ಟೆಯ ಮೇಲೆ ನಾನೊಬ್ಬನೇ — ಅಷ್ಟೇ ನನಗೆ ಹೊಳೆದದ್ದು. ಹುಡುಗಿಯ ನೆನಪು ಬಂತೋ ಇಲ್ಲವೋ… ಬಂದಿತ್ತು. ಬಂದಿರಲಿಲ್ಲ ಎಂದು ಬರೆದರೆ ಮತ್ತೊಂದು ಸುಳ್ಳಾಗುತ್ತದೆ.

“ಕೆಲಸ ಭರದಿಂದ ಸಾಗಿದೆ. ಬರುವ ವರ್ಷ ಕಿರವತ್ತಿಯವರೆಗೆ ರೈಲು ಓಡಲಿದೆ,” ಎಂದು ಓದಿದೆ. ಸತ್ಯದ ತಲೆಯ ಮೇಲೆ ಹೊಡೆದ ಹಾಗೆ, ಅಲ್ಪವಿರಾಮದ ಹತ್ತಿರ ನಿಂತು, ಪೂರ್ಣವಿರಾಮದ ಹತ್ತಿರ ಉಸಿರು ಬಿಟ್ಟು.

ಸಾಬರು ನನ್ನ ಎರಡೂ ಕೈ ಹಿಡಿದುಕೊಂಡರು. “ಈ ಪೇಪರ್ ನನಗ ಕೊಡ್ರಿ ಭಟ್ರ. ಅಂಗಡ್ಯಾಗ ಹಚ್ಚತೇನಿ. ಮಂದಿ ರೈಲು ಬರಲ್ಲ ಬರಲ್ಲ ಅಂತಾರ, ತೋರಸ್ತೇನಿ.”

ಕೊಡುವುದಿಲ್ಲ ಎನ್ನಬಹುದಿತ್ತು. ಸಂಜೆವರೆಗೆ ಪೇಪರು ಹೊರಗೆ ಹೋಗುವಂತಿಲ್ಲ ಎಂಬ ನಿಯಮವೂ ಇತ್ತು. ನಿಯಮ ಮುರಿದು ಕೊಟ್ಟೆ. ಬೇಡವೆಂದರೆ ಅನುಮಾನ ಬಂದೀತೆಂದು — ನೋಡಿ, ಹೆದರಿಕೆ ಎಂಥೆಂಥ ಧೈರ್ಯ ಮಾಡಿಸುತ್ತದೆ.

ಅವರು ಹುಬ್ಬಳ್ಳಿಗೆ ಹೋಗಲಿಲ್ಲ. ಮುಂದಿನ ವರ್ಷ ಕೇಳಿದಾಗ, ಮಳೆಯಿಂದ ತಡವಾಗಿದೆಯಂತೆ ಎಂದು ಓದಿದೆ. ಗ್ಯಾರೇಜಿನ ಜಾಗ ಬೇರೆಯವರ ಪಾಲಾಯಿತು. ಸಾಬರು ಬರುವುದು ವಾರಕ್ಕೆ ಒಂದಿದ್ದದ್ದು ತಿಂಗಳಿಗೆ ಒಂದಾಗಿ, ನಿಂತೇಹೋಯಿತು. ಯಾರಿಗಾಗಿ ಸುಳ್ಳು ಹೇಳಿದೆನೋ ಅವರೂ ಉಳಿಯಲಿಲ್ಲ. ರೇಶ್ಮಾಗೆ ಮದುವೆಯಾಯಿತೆಂದು ಯಾರೋ ಹೇಳಿದರು. ಒಳ್ಳೆಯದಾಯಿತು ಎಂದೆ! ಎಂದವನು ನಾನೇ.

ನಿವೃತ್ತಿಯಾದ ಮೇಲೆ ನಾನೂ ಹೆಂಡತಿಯೂ ಸಿರಸಿಗೆ ಬಂದೆವು. ಅಲ್ಲಿ ಒಂದು ದಿನ ಟೀವಿಯಲ್ಲಿ ಚೀನಾದ ಹೊಸ ರೈಲು ತೋರಿಸಿದರು. ಎರಡು ಮಹಾನಗರಗಳ ನಡುವೆ ಅರ್ಧ ಗಂಟೆಯ ದಾರಿ. ಬೋಗಿಯಲ್ಲಿ ಒಬ್ಬ ಮೇಜಿನ ಮೇಲೆ ನೀರಿನ ಲೋಟ ಇಟ್ಟುಕೊಂಡು ಕುಳಿತಿದ್ದ. ತುಳುಕಲಿಲ್ಲ. ನಾನು ಅಡಿಕೆ ಧಾರಣೆಯ ಮೇಲೆ ಬೆರಳಿಟ್ಟು ಹೇಳಿದ್ದೆಲ್ಲ ಅಲ್ಲಿ ಹೆಚ್ಚುಕಡಿಮೆ ನಿಜವಾಗಿತ್ತು. ವೇಗವಂತೂ ನನ್ನ ಸುಳ್ಳನ್ನೂ ಮೀರಿಸಿತ್ತು. ಕಿರವತ್ತಿಯದು ಮಾತ್ರ ಸುಳ್ಳಾಗಿಯೇ ಉಳಿದಿತ್ತು. ಊಟ ಸೇರಲಿಲ್ಲ.

“ಎಂತ ಆತು? ಹುಷಾರಿಲ್ಯ?” ಎಂದು ಹೆಂಡತಿ ಕೇಳಿದಳು. ಮೊದಲ ಸಲ ಎಲ್ಲ ಹೇಳಿದೆ. ಅವಳು ಸಮಾಧಾನ ಮಾಡುತ್ತಾಳೆಂದುಕೊಂಡಿದ್ದೆ. “ಇಲ್ಲಿ ಕುಂತು ಕೊರಗಿರೆ ಎಂತ ಬಂತು? ಹೋಗಿ ಹೇಳಿಕ್ಕಿ ಬನ್ನಿ,” ಎಂದು ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಮಾರನೆಯ ದಿನ ಕಿರವತ್ತಿಗೆ ಹೋದೆ. ಅಂಗಡಿ ಹಾಗೇ ಇತ್ತು. ಸಾಬರು ಬಾಗಿಲಲ್ಲಿ ಮಂಚದ ಮೇಲೆ ಕುಳಿತಿದ್ದರು, ಸೊಂಟ ಬಿದ್ದುಹೋಗಿ ಕೆಲಸ ಬಿಟ್ಟಿದ್ದರು. ಒಳಗೆ ಹೊಲಿಗೆ ಮಷಿನ್ನಿನ ಮುಂದೆ ರೇಶ್ಮಾ. ಗಂಡನ ಮನೆ ಹತ್ತಿರವೇ ಅಂತೆ, ಹಗಲಿಗೆ ಇಲ್ಲಿ ಬಂದು ಹೊಲಿಯುತ್ತಾಳೆ. ಹಿಂದಿನ ಗೋಡೆಯ ಮೇಲೆ ಆ ಪೇಪರು. ಹೊಗೆ ಮತ್ತು ಗ್ರೀಸಿನಿಂದ ಕಂದಾಗಿ, ಅಕ್ಷರ ಕಾಣದ ಹಾಗಾಗಿತ್ತು.

“ಬರ್ರಿ ಭಟ್ರ, ಬರ್ರಿ! ಎಷ್ಟ ವರ್ಷ ಆತ್ರಿ! ಚೀನಾದಾಗ ಏನ್ ಸುದ್ದಿ?”

ನಿಂತುಕೊಂಡೇ ಹೇಳಿದೆ. ಅಡಿಕೆ ಧಾರಣೆ, ಒಂದು ವರ್ಷದ ಲೆಕ್ಕ, ಆ ದಿನದ ನಾಲ್ಕು ಸಾಲು — ಒಂದನ್ನೂ ಬಿಡಲಿಲ್ಲ. ಹೊಲಿಗೆ ಮಷಿನ್ನು ಯಾವಾಗ ನಿಂತಿತೋ ಗೊತ್ತಾಗಲಿಲ್ಲ. ಸಾಬರು ನನ್ನ ಮುಖ ನೋಡಲಿಲ್ಲ.

“ಅವತ್ತ ಸಂಜಿಗೆ ಇಕಿ ಅದನ್ನ ಓದಿದ್ಳರಿ,” ಎಂದರು ಮಗಳ ಕಡೆ ಕೈಮಾಡಿ. “‘ಇದರಾಗ ಕೆಲಸ ನಿಂತೈತಿ ಅಂತ ಐತಲ್ಲ ಅಬ್ಬಾ’ ಅಂದ್ಳು. ನಾ ಬೈದ್ನಿ. ಭಟ್ರು ಓದಿದ್ದು ಸುಳ್ಳ ಆಗತೈತೇನು, ಹತ್ತ ವರ್ಷ ಸಾಲಿಗೆ ಹೋಗಿ ನಾಕ ಸಾಲ ಓದಾಕ ಬರಲಿಲ್ಲ ನಿನಗ, ಡಿಪ್ಲೊಮಾ ಏನ್ ಓದತಿ ಅಂದ್ನಿ. ಆಮ್ಯಾಲ ಅಕಿ ಓದೂ ಮಾತ ಎತ್ತಲಿಲ್ಲ. ನಾನೂ ಎತ್ತಲಿಲ್ಲ.”

ನಾನು ಮಂಚದ ತುದಿಗೆ ಕುಳಿತೆ. ಇದು ನನಗೆ ಗೊತ್ತಿರಲಿಲ್ಲ. ರೈಲು ಬಾರದೆ ಅವಳ ಓದು ನಿಂತಿತೆಂದು ನಾನು ತಿಳಿದಿದ್ದೆ, ಅಷ್ಟಕ್ಕೇ ಕ್ಷಮೆ ಕೇಳಲು ಬಂದಿದ್ದೆ. ಅವಳಿಗೆ ಓದಲು ಬರುವುದಿಲ್ಲವೆಂದು ಹೆತ್ತ ತಂದೆಯನ್ನೇ ನಂಬಿಸಿದವನು ನಾನು.

“ರೇಶ್ಮಾ, ಅದನ್ನೊಮ್ಮಿ ಓದವ್ವಾ,” ಎಂದರು ಸಾಬರು.

ಅವಳು ಗೋಡೆಯ ಕಡೆ ತಿರುಗಲೂ ಇಲ್ಲ. ಕೈಯಲ್ಲಿದ್ದ ಬಟ್ಟೆಯನ್ನು ಮಡಚುತ್ತಾ ಆ ನಾಲ್ಕು ಸಾಲನ್ನು ಬಾಯಿಪಾಠವಾಗಿ ಹೇಳಿದಳು. ಅಲ್ಪವಿರಾಮ ಇದ್ದಲ್ಲಿ ನಿಂತಳು, ಪೂರ್ಣವಿರಾಮ ಇದ್ದಲ್ಲಿ ಉಸಿರು ಬಿಟ್ಟಳು. ಒಂದಕ್ಷರ ತಪ್ಪಲಿಲ್ಲ. ದಿನಾ ಅಂಗಡಿ ಗುಡಿಸುವಾಗ ಓದುತ್ತಿದ್ದಳಂತೆ — ತಾನೇ ಎಲ್ಲೋ ತಪ್ಪು ಓದಿರಬೇಕೆಂದು.

ಸಾಬರು ತಲೆ ತಗ್ಗಿಸಿ ಕೇಳಿದರು. ಹಿಂದೆ ನನ್ನ ಓದನ್ನು ಕೇಳುತ್ತಿದ್ದ ಹಾಗೇ. ಆಮೇಲೆ “ಭಟ್ರಿಗೆ ಚಾ ಮಾಡವ್ವಾ” ಎಂದರು. ಬೈದಿದ್ದರೆ ಎದ್ದು ಬರಬಹುದಿತ್ತು. ಕುಳಿತು ಆ ಚಹಾ ಕುಡಿದೆ.

ಹೊರಡುವಾಗ ಅವಳು ರಸ್ತೆಯವರೆಗೆ ಬಂದಳು. ಕ್ಷಮಿಸವ್ವಾ ಎಂದೆ.

“ಬಾಯಿಲೆ ಹೇಳಿದ್ದು ಬ್ಯಾಡ್ರಿ,” ಎಂದಳು. “ಬರೀರಿ. ಪೇಪರಿನ್ಯಾಗ ಬರ್ಲಿ. ನಮ್ಮ ಅಬ್ಬಾಗ ನಾನ ಓದಿ ಹೇಳತೇನಿ.”

ಅದಕ್ಕಾಗಿ ಬರೆದಿದ್ದೇನೆ. ರೇಶ್ಮಾ, ಮುಂದಿನದನ್ನು ನಿನ್ನ ಅಬ್ಬಾನಿಗೆ ನಿಧಾನ ಓದಿ ಹೇಳು: ಆ ದಿನ ಪೇಪರಿನಲ್ಲಿದ್ದದ್ದನ್ನು ಇದ್ದ ಹಾಗೆ ಓದಿದವಳು ನೀನು. ಓದಲು ಬಾರದವನು ನಾನು.