ಎಳೆದು ನೋಡುವ ದಾರ

ಬೆನ್ನ ಮೇಲೆ ಉಸಿರಾಟದ ಗಾಳಿಯ ಸಿಲಿಂಡರ್ ಹೊತ್ತು ಕೆರೆಗಿಳಿದು, ಕಸ ಸಿಕ್ಕಿದ ತೂಬು ಬಿಡಿಸುತ್ತಿದ್ದ ಮುಳುಗುಗಾರನೊಬ್ಬ ಗುಬ್ಬಿ ಪೇಟೆಯ ನನ್ನ ಹಗ್ಗದಂಗಡಿಯಲ್ಲೇ ದಾರ ಕೊಳ್ಳುತ್ತಿದ್ದ. ಅದನ್ನು ತನ್ನ ಸ್ಪೂಲಿಗೆ, ಅಂದರೆ ದಾರದ ಉರುಳೆಗೆ, ಬಿಗಿಯಾಗಿ ಸುತ್ತಿ, ತುದಿಯನ್ನು ಕೊಕ್ಕೆಯಿಂದ ಸ್ಪೂಲಿನ ತೂತಿಗೆ ಸಿಕ್ಕಿಸಿ, "ಎಳೀರಿ ಅಣ್ಣಾ, ಬಿಚ್ಕೊಂಡ್ರೆ ನಂಗೆ ಬ್ಯಾಡ" ಎನ್ನುತ್ತಿದ್ದ. ನೀವೂ ಅಷ್ಟೇ, ಯಾವ ಹಗ್ಗವನ್ನಾದರೂ ಎಳೆದು ನೋಡಿಯೇ ಕೊಳ್ಳಿ.

ಒಮ್ಮೆ ಕಡಬದ ಕೆರೆಯಲ್ಲಿ ದಾರದ ತುದಿಯನ್ನು ಏರಿಯ ಕಲ್ಲಿಗೆ ಕಟ್ಟಿ, ನನ್ನನ್ನು ಕಾವಲಿಗೆ ನಿಲ್ಲಿಸಿದ.

"ಒಳಗೆ ಏನೂ ಕಾಣಲ್ಲ. ಈ ದಾರ ಹಿಡ್ಕಂಡೇ ವಾಪಸ್ ಬರ್ಬೇಕು. ಎಳೆದ್ರೆ ಕೈತಪ್ಪುತ್ತೆ, ಈಗ ಮಾತ್ರ ಎಳೀಬ್ಯಾಡಿ ಕಣಣ್ಣಾ."

ಸ್ಪೂಲಿನಿಂದ ದಾರ ಬಿಡುತ್ತಾ ಅವನು ಮುಳುಗಿದ ಸ್ವಲ್ಪ ಹೊತ್ತಿಗೆ ದಾರ ಸಡಿಲವಾಯಿತು. ತುಂಡಾಯಿತೋ, ಕೈತಪ್ಪಿತೋ? ಎಳೆಯಲು ಚಾಚಿದ ಕೈಯನ್ನು ಕಂಕುಳಲ್ಲಿ ಅದುಮಿಕೊಂಡು ನಿಂತೆ.

ಕೊನೆಗೆ ದಾರ ಮತ್ತೆ ಬಿಗಿಯಾಯಿತು. ಅದನ್ನು ಸುತ್ತಿಕೊಳ್ಳುತ್ತಲೇ ದಡಕ್ಕೆ ಬಂದವನು, ಕಲ್ಲಿನಿಂದ ತುದಿ ಬಿಚ್ಚಿ ಕೊಕ್ಕೆ ಸಿಕ್ಕಿಸಿ ಸ್ಪೂಲನ್ನು ನನ್ನ ಮುಂದೆ ಹಿಡಿದ.

"ಈಗ ಎಳೀರಿ ಅಣ್ಣಾ."

ನಾನು ದಾರ ಬಿಟ್ಟು, ಅವನ ಕೈಯನ್ನೇ ಹಿಡಿದು ಏರಿಯ ಮೇಲಕ್ಕೆ ಎಳೆದುಕೊಂಡೆ.